ನೋವು ಅಂದ್ರೆ ಸರ್ ಓಡ್ತಾರೆ

ಫೆಬ್ರವರಿ ೯

ತಂಗಿ,

ಫೋನ್ ಮಾಡಿ ಮಾಡಿ ಸಾಕಾಯ್ತು. ನೀನು ಎತ್ತಿದ್ರೂ ಅಷ್ಟೇ, ಎರಡನೇ ಮಾತಿಗೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತೆ, ಮೂರನೇ ಮಾತಿಗೆ ನೀನು ಕಟ್ ಮಾಡ್ತೀಯ. ಅದಕ್ಕೇ ಕಾಗದ. ಇದನ್ನ ಕಟ್ ಮಾಡಕ್ಕಾಗಲ್ಲ, ಹರೀಬೇಕು. ಹರಿಯೋ ಮುಂಚೆ ನೀನು ಓದೇ ಓದ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?

ಪೀಪಿ ಸರ್ ಟಿವಿಯಲ್ಲಿ ಅತ್ತರು. ನೋಡಿದೆಯಾ? ಬಾಯಲ್ಲಿ ಸದಾ ಪೀಪಿ ಕಚ್ಚಿಕೊಂಡು ನಮ್ಮನ್ನ ಓಡಿಸ್ತಿದ್ದ ಮನುಷ್ಯ, ಬರೀ ಬಾಯಲ್ಲಿ ಕೂತಿದ್ದು ನೋಡಿ ನನಗೆ ಮೊದಲು ಗುರುತೇ ಸಿಗಲಿಲ್ಲ. ಎಲ್ಲಾ ತಾವೇ ಹೇಳಿದ್ರು ಕಣೇ. 'ಇಬ್ಬಿಬ್ಬರನ್ನ ಜೋಡಿ ಮಾಡ್ತಿದ್ದೆ. ಒಬ್ಬಳು ತಪ್ಪು ಮಾಡಿದ್ರೆ ಅವಳ ಜೋಡೀನ ಓಡಿಸ್ತಿದ್ದೆ. ನೋವು ಅಂತ ಒಬ್ಬಳು ಕೂತ್ರೆ ಇನ್ನೊಬ್ಬಳಿಗೆ ಎರಡರಷ್ಟು ಸುತ್ತು. ಒಬ್ಬ ಹುಡುಗಿ ಕಾಲಿನ ಮೂಳೆ ಬಿರುಕು ಬಿಟ್ಟಿದ್ರೂ ಓಡಿದಳು, ಪಂದ್ಯದ ಮಧ್ಯದಲ್ಲಿ ಅದು ಮುರೀತು' ಅಂದ್ರು. ನಿನ್ನ ವಿಷಯ! ನಿಮ್ಮ ಭಾವ ಟಿವಿ ಸದ್ದು ಕಮ್ಮಿ ಮಾಡಕ್ಕೆ ಹೋದ್ರು, ನಾನು ರಿಮೋಟ್ ಕಿತ್ತುಕೊಂಡೆ.

ಕ್ರೀಡಾ ಸಂಘದವರು ಹಾಕಿದ್ದ ನಿಷೇಧ ಮುಗಿದಿದೆ. ಸದ್ಯಕ್ಕೆ ಪರೀಕ್ಷೆಗೆ ಅಂತ ಕೆಲವು ತಿಂಗಳು ಮೈದಾನ ಕೊಟ್ಟಿದಾರೆ. ಖಾಯಂ ಮಾಡೋದಾ ಬೇಡ್ವಾ ಅಂತ ಹಳೇ ಹುಡುಗಿಯರನ್ನೆಲ್ಲಾ ಕೇಳ್ತಾರಂತೆ. ನಿನಗೂ ಕಾಗದ ಬಂದಿರಬೇಕು.

ಈಗ ತಾಯಿಯಾಗಿ ನನ್ನ ಸಂಕಟ ಕೇಳು. ನಮ್ಮ ಕಡ್ಡಿ ಓಡ್ತಾಳೆ. ಶಾಲೆಯಲ್ಲಿ ಅವಳಿಗಿಂತ ದೊಡ್ಡ ಹುಡುಗರೂ ಹಿಂದೆ ಬೀಳ್ತಾರೆ. ಹನ್ನೆರಡು ವರ್ಷಕ್ಕೆ ಥೇಟ್ ನಿನ್ನದೇ ಕಾಲು, ನಿನ್ನದೇ ಹಠ. ಸರ್ ಹತ್ತಿರ ಕಳಿಸು ಅಂತ ಕೈ ತೊಳ್ಕೊಂಡು ನನ್ನ ಹಿಂದೆ ಬಿದ್ದಿದಾಳೆ. ಈ ಊರಲ್ಲಿ ಓಟ ಗೊತ್ತಿರೋರು ಅಂದ್ರೆ ಅವರೊಬ್ಬರೇ. ಅವರು ನಿಜವಾಗ್ಲೂ ಬದಲಾಗಿದ್ರೆ ಹುಡುಗಿ ಭವಿಷ್ಯ ಯಾಕೆ ಹಾಳು ಮಾಡಲಿ? ಬದಲಾಗಿಲ್ಲ ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ ಬಾವಿಗೆ ತಳ್ಳಿದ ಹಾಗೆ. ಕಳಿಸ್ಲಾ? ನೀನು ಹೂಂ ಅಂದ್ರೆ ಮಾತ್ರ.

ಅಕ್ಕ


ಫೆಬ್ರವರಿ ೧೭

ಅಕ್ಕ,

ಬೇಡ.

ಇಷ್ಟೇ ಬರೆದು ಲಕೋಟೆ ಅಂಟಿಸಿದ್ದೆ. ಆಮೇಲೆ ನಿನ್ನ ಮುಖ ನೆನಪಾಯ್ತು, ಬಿಚ್ಚಿದೆ.

ನೋಡಿದೆ. ನಾನು ಕನ್ನಡಕದ ಗಾಜು ಉಜ್ಜೋ ಯಂತ್ರದ ಎದುರಿಗೇ ಮಾಲೀಕರ ಟಿವಿ ಇದೆ, ಬೇಡ ಅಂದ್ರೂ ಕಾಣುತ್ತೆ. ಬರೀ ಮೊಸಳೆ ಕಣ್ಣೀರು. ಅವನು ಏನು ಮಾಡಿದ ಗಮನಿಸಿದೆಯಾ? ನಾನು ದಿನವಿಡೀ ಕನ್ನಡಕ ಹಾಕೋರ ಮಧ್ಯೆ ಇರೋಳು. ನಿಜವಾಗಿ ಅಳು ಬಂದೋರು ಮೊದಲು ಅಳ್ತಾರೆ, ಗಾಜು ಒದ್ದೆಯಾದ ಮೇಲೆ ತೆಗೆದು ಒರೆಸ್ತಾರೆ. ಇವನು ಮೊದಲು ಕನ್ನಡಕ ತೆಗೆದ, ಮಡಚಿದ, ಜೇಬಿಗಿಟ್ಟ. ಆಮೇಲೆ ಅತ್ತ.

'ಒಬ್ಬ ಹುಡುಗಿ' ಅಂದ. ಯಾವ ಹುಡುಗಿ? ಯಾವ ಕಾಲು? ಅಷ್ಟು ಪಶ್ಚಾತ್ತಾಪ ಇದ್ರೆ ಒಂದು ಪ್ರಶ್ನೆ ಕೇಳು ಅವನನ್ನ: ನನ್ನ ತಂಗಿಯ ಯಾವ ಕಾಲು ಮುರೀತು? ಎಡಗಾಲಾ, ಬಲಗಾಲಾ? ತಡವರಿಸದೆ ಹೇಳಲಿ ನೋಡೋಣ.

ಸಂಘದ ಕಾಗದ ಬಂದಿದೆ. ಉತ್ತರ ಬರೆದಿಲ್ಲ. ಕಾಲು ಚೆನ್ನಾಗೇ ಇದೆ, ಕೇಳಬೇಡ.

ಹುಡುಗಿಗೆ ಈಜು ಕಲಿಸು, ಚದುರಂಗ ಕಲಿಸು, ಹಾಡು ಕಲಿಸು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ನೀನೇ ಎಲ್ಲರಿಗೂ ಹೇಳ್ತಿರ್ತೀಯಲ್ಲ, ಈಗೇನಾಯ್ತು?

ತಂಗಿ


ಮಾರ್ಚ್ ೨

ತಂಗಿ,

ಕೇಳಿದೆ. ಕೇಳಿ ಊರಿಗೆಲ್ಲಾ ಸುದ್ದಿಯಾದೆ.

ಸರ್ ಬಸ್ ಪಾಸ್ ಮಾಡಿಸಕ್ಕೆ ನಮ್ಮ ನಿಲ್ದಾಣಕ್ಕೆ ಬಂದಿದ್ರು. ನಾನು ನನ್ನ ಗಾಜಿನ ಗೂಡಲ್ಲಿ ಕೂತು, ಮೈಕಲ್ಲಿ ಬಸ್ಸುಗಳ ಹೆಸರು ಕೂಗ್ತಾ ಇದ್ದೆ. ಕಂಡ ತಕ್ಷಣ ಕಿಟಕಿಯಿಂದ ಕೈ ಬೀಸಿ ಒಳಗೆ ಕರೆದೆ. ಕೂರಿಸಿ, ನೀರು ಕೂಡಾ ಕೊಡದೆ, ನೇರವಾಗಿ ಕೇಳೇಬಿಟ್ಟೆ: 'ನನ್ನ ತಂಗಿಯ ಯಾವ ಕಾಲು ಮುರೀತು, ಸರ್?'

ಮೈಕ್ ಆರಿಸಿರಲಿಲ್ಲ ಕಣೇ! ಇಡೀ ನಿಲ್ದಾಣಕ್ಕೆ ಕೇಳಿಸಿದೆ. ಚಾಲಕರು, ನಿರ್ವಾಹಕರು, ಮಕ್ಕಳನ್ನ ಎತ್ತಿಕೊಂಡೋರು, ಎಲ್ಲರೂ ನನ್ನ ಗೂಡಿನ ಕಡೆ ತಿರುಗಿ ನಿಂತಿದ್ರು. ನನಗೆ ಗೊತ್ತೇ ಇಲ್ಲ.

ಸರ್ ಒಂದು ಕ್ಷಣವೂ ಯೋಚಿಸಲಿಲ್ಲ. 'ಎಡಗಾಲು' ಅಂದ್ರು. ಬಗ್ಗಿ, ಪ್ಯಾಂಟು ಮೇಲೆತ್ತಿ, ತಮ್ಮ ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಇಟ್ಟು, 'ಇಲ್ಲಿ' ಅಂದ್ರು. 'ಮುರಿದ ಸದ್ದು ನನಗೆ ಈಗಲೂ ಕೇಳುತ್ತೆ ಕಣಮ್ಮ' ಅಂತ ಹೇಳಿ ಬಿಕ್ಕಿ ಬಿಕ್ಕಿ ಅತ್ತರು. ಕನ್ನಡಕ ಹಾಗೇ ಇತ್ತು, ನೋಡ್ಕೊಂಡೆ, ನೀನು ಕೇಳ್ತೀಯ ಅಂತ. ಮೂಗಿನ ತುದಿಗೆ ಜಾರಿ ಬಂತು. ಅಷ್ಟರಲ್ಲಿ ಹೊರಗಿಂದ ಯಾರೋ ಬಾಗಿಲು ಬಡಿದು 'ಅಕ್ಕಾ, ಮೈಕು!' ಅಂದ. ಮೇಲಿನವರು ಕರೆಸಿ ಉಗಿದ್ರು, ಉಗಿಸ್ಕೊಂಡೆ.

ಇನ್ನೊಂದು ಮಾತು ಕೇಳು. ಜೋಡಿ ಪದ್ಧತಿ ಕಿತ್ತು ಹಾಕಿದಾರೆ. ಅದರ ಬದಲು ಈಗ ಮಕ್ಕಳು ಏನೇ ತಪ್ಪು ಮಾಡಲಿ, ಓಡೋದು ಸರ್. ತಡವಾಗಿ ಬಂದ್ರೆ ಸರ್ ಓಡ್ತಾರೆ. ಯಾರಿಗಾದ್ರೂ ನೋವು ಬಂದ್ರೆ, ಕಲಿಸಿದೋನು ಸರಿಯಾಗಿ ಕಲಿಸಿಲ್ಲ ಅಂತ ಇನ್ನೂ ಹೆಚ್ಚು ಓಡ್ತಾರೆ. ಆ ವಯಸ್ಸಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು! ಮೊನ್ನೆ ಕಡ್ಡಿ ಶೂ ಲೇಸು ಬಿಚ್ಚಿಹೋಗಿ ಮಧ್ಯದಲ್ಲಿ ನಿಂತಳು ಅಂತ ಎರಡು ಸುತ್ತು ಓಡಿದ್ರು. ಅಮ್ಮಂದಿರೆಲ್ಲಾ ಬೇಲಿ ಹತ್ತಿರ ನಿಂತು ಕಣ್ಣು ಒರೆಸ್ಕೊಂಡ್ವಿ. ಇಷ್ಟಾದ ಮೇಲೂ ನಾಟಕ ಅಂತೀಯಾ?

ಅಕ್ಕ


ಮಾರ್ಚ್ ೧೦

ಅಕ್ಕ,

ಬೇಲಿ ಹತ್ತಿರ ನಿಂತು ಕಣ್ಣು ಒರೆಸ್ಕೊಂಡ್ರಾ? ಭೇಷ್. ಕಡ್ಡಿ ಲೇಸು ಬಿಚ್ಚಿಹೋಗಿದ್ದು ಎಲ್ಲಿ, ನಿಮ್ಮ ಅಡುಗೆಮನೆಯಲ್ಲಾ? ನಾನು ಬೇಡ ಅನ್ನೋ ಮುಂಚೆಯೇ ಕಳಿಸಿದ್ದೆ, ಅಲ್ವಾ? 'ನೀನು ಹೂಂ ಅಂದ್ರೆ ಮಾತ್ರ' ಅಂತ ಬರೆದ ಕೈಯಲ್ಲೇ ಅವಳ ಶೂ ಕಟ್ಟಿದೀಯ. ಸುಳ್ಳು ಹೇಳೋದು ನಿನಗೆ ಯಾವತ್ತೂ ಸರಿಯಾಗಿ ಬಂದಿಲ್ಲ, ಮೂರನೇ ಪುಟಕ್ಕೆ ಬಾಯಿ ಬಿಡ್ತೀಯ.

ಮೈಕ್ ಹತ್ತಿದ್ರೆ ಕೆಂಪು ದೀಪ ಉರಿಯುತ್ತೆ ಅಂತ ನೀನೇ ಹೇಳಿದ್ದೆ. ಆ ದೀಪ ನಿನಗೆ ಕಾಣಲಿಲ್ಲ, ಸರಿ. ಎದುರಿಗೆ ಕೂತಿದ್ದೋನಿಗೆ ಕಾಣಲಿಲ್ವಾ? ಕೇಳ್ತಿದೀನಿ ಅಷ್ಟೆ. ನನ್ನ ತಲೆ ಚಿಟ್ಟು ಹಿಡಿದು ಹೋಗಿದೆ. ಎಡಗಾಲು ಅಂತ ಅವನು ಸರಿಯಾಗಿ ಹೇಳಿದ ಅಂತ ಓದಿದಾಗಿಂದ ನನಗೆ ಒಂದು ಗಾಜೂ ನೆಟ್ಟಗೆ ಉಜ್ಜಕ್ಕಾಗಿಲ್ಲ.

ಇವತ್ತು ಒಂದು ವಿಷಯ ಹೇಳಿಬಿಡ್ತೀನಿ. ನೀನು ನೆಂಟರ ಮುಂದೆಲ್ಲಾ ಹೇಳ್ತಿರ್ತೀಯ, 'ನನ್ನ ತಂಗಿ ಪದಕದ ಆಸೆಗೆ ನೋವು ಮುಚ್ಚಿಟ್ಟಳು, ಹಠಮಾರಿ' ಅಂತ. ಕೇಳಿ ಕೇಳಿ ಸುಮ್ಮನಿದ್ದೆ. ಪದಕ ಯಾರಿಗೆ ಬೇಕಿತ್ತು? ನೀನು ನನ್ನ ಜೋಡಿ. ಆ ವರ್ಷ ನಿನಗೆ ಉಬ್ಬಸ. ಮೊದಲ ಸಲ ನಾನು ಕಾಲು ನೋವು ಅಂದ ದಿನ ಅವನು ನಿನ್ನನ್ನ ಓಡಿಸಿದ, ನೆನಪಿದ್ಯಾ? ಓಡಿ ಬಂದು ಗೋಡೆಗೆ ಒರಗಿ ಕೂತೆ. ತುಟಿ ನೀಲಿ ಆಗಿತ್ತು. ನಾನು ನೀರು ತಂದ್ರೆ ಬಾಟಲಿ ಹಿಡಿಯಕ್ಕೆ ನಿನ್ನ ಕೈಗೆ ಆಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಸತ್ತರೂ ಇನ್ನು ನೋವು ಅನ್ನಲ್ಲ ಅಂತ. ಅಷ್ಟೇ ನಡೆದದ್ದು.

ಕಡ್ಡಿ ನೋವು ಬಂದ್ರೆ ಹೇಳ್ತಾಳಾ? ಕೇಳು ಅವಳನ್ನ.

ತಂಗಿ


ಮಾರ್ಚ್ ೧೫

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಈಗ ನನ್ನ ತಲೆ ಮೇಲೆ ಸುರಿದ್ಯಲ್ಲ, ಯಾವ ಬಾಯಲ್ಲಿ ಏನು ಹೇಳಲಿ ನಾನು? ನನಗೋಸ್ಕರ ಕಾಲು ಮುರ್ಕೋ ಅಂತ ನಾನು ಕೇಳಿದ್ನಾ? ಉಬ್ಬಸ ಇದ್ದೋಳು ನಾನು, ನಾನು ಹೇಗೋ ಓಡ್ತಿದ್ದೆ. ಓಡಿ ಸಾಯ್ತಿರಲಿಲ್ಲ. ಒಂದು ಮಾತು ಹೇಳಿದ್ರೆ ಅಮ್ಮನಿಗೆ ಹೇಳಿ ಇಬ್ಬರೂ ಬಿಟ್ಟುಬಿಡ್ತಿದ್ವಿ. ಈಗ ನಿನ್ನ ಆ ಕಾಲನ್ನ ನಾನು ಯಾವ ಮುಖ ಇಟ್ಟುಕೊಂಡು ನೋಡಲಿ?

ಹೌದು, ಕೇಳೋ ಮುಂಚೆನೇ ಕಳಿಸಿದ್ದೆ. ಜನವರಿಯಿಂದ ಹೋಗ್ತಿದಾಳೆ. ಏನಿವಾಗ?

ಕಡ್ಡೀನ ಕೇಳಿದೆ. ನೋವಿಲ್ವಂತೆ. ಮತ್ತೆ ಮತ್ತೆ ಕೇಳಿದೆ, ಪ್ರತಿ ಸಲವೂ ನಕ್ಕಳು. ಇನ್ನು ಈ ವಿಷಯ ಸಾಕು. ಮೊಸರಲ್ಲಿ ಕಲ್ಲು ಹುಡುಕೋದು ಬಿಡು.

ಅಕ್ಕ


ಮಾರ್ಚ್ ೩೦

ಅಕ್ಕ,

ಆ ಕಾಗದ ಆದ ಮೇಲೆ ನಿನ್ನಿಂದ ಇನ್ನೊಂದು ಬರಲಿಲ್ಲ. ನಾನೇ ಸೋತೆ, ಬರೀತಿದೀನಿ.

ಕೋಪದಲ್ಲಿ ಬರೆದೆ. ನಿನ್ನ ಮೇಲೆ ಹೊರೆ ಹೊರಿಸಬೇಕು ಅಂತ ಇರಲಿಲ್ಲ. ಆ ಟಿವಿ ತುಣುಕನ್ನ ಮತ್ತೆ ಹಾಕಿಕೊಂಡು ನೋಡಿದೆ. ಎಷ್ಟು ಸಲ ಅಂತ ಕೇಳಬೇಡ, ಅಂಗಡಿಯವರು ನನಗೆ ಯಾವುದೋ ಹುಚ್ಚು ಹಿಡಿದಿದೆ ಅಂದುಕೊಂಡಿದಾರೆ. ಕನ್ನಡಕ ತೆಗೆದದ್ದು ನಿಜ. ಆದ್ರೆ ಅದಕ್ಕೂ ಮುಂಚೆಯೇ ಗಲ್ಲ ನಡುಗಿತ್ತು. ಅದನ್ನ ನಾನು ಮೊದಲು ನೋಡಿರಲಿಲ್ಲ, ಅಥವಾ ನೋಡಕ್ಕೆ ನನಗೆ ಮನಸ್ಸಿರಲಿಲ್ಲ. ಅವರು ಸುಳ್ಳ ಆಗಿದ್ರೆ ನನಗೆ ಸಲೀಸು ಅಕ್ಕ. ದ್ವೇಷ ಮಾಡ್ಕೊಂಡು ಆರಾಮಾಗಿ ಇರಬಹುದು. ನಿಜವಾಗ್ಲೂ ಅಳ್ತಿದ್ರೆ ನಾನೇನು ಮಾಡಲಿ?

ಸಂಘಕ್ಕೆ ಉತ್ತರ ಹಾಕಿದೆ. 'ಅವರು ಬದಲಾಗಿದ್ದಾರೆ ಎಂದು ನನ್ನ ಅಕ್ಕ ಹೇಳುತ್ತಾಳೆ. ನನ್ನದೇನೂ ಅಡ್ಡಿಯಿಲ್ಲ, ಒಪ್ಪಿಗೆಯೂ ಇಲ್ಲ' ಅಂತ ಬರೆದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅಷ್ಟೇ ಬಂತು ನನ್ನ ಕೈಲಿ. ಕಡ್ಡಿ ಓಡಲಿ. ಯಾವತ್ತಾದ್ರೂ ಗೆದ್ದರೆ ನನಗೂ ಒಂದು ಫೋಟೋ ಕಳಿಸು.

ತಂಗಿ


ಮಾರ್ಚ್ ೩೧

ತಂಗಿ,

ನಿನ್ನ ಕಾಗದಕ್ಕೆ ಕಾಯದೆ ಬರೀತಿದೀನಿ. ಅಕ್ಷರ ನೋಡಿ ಬೈಯಬೇಡ.

ಶುಕ್ರವಾರ ಶಾಲೆಗೆ ಹೊರಟ ಕಡ್ಡಿ ಮಹಡಿ ಮೆಟ್ಟಿಲು ಇಳೀತಾ ಇದ್ದಳು. ಅಡ್ಡಡ್ಡ ಇಳೀತಿದ್ದಳು ಕಣೇ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು. ನನ್ನನ್ನ ಕಂಡ ಕೂಡಲೇ ನೆಟ್ಟಗಾಗಿ ಪಟಪಟ ಇಳಿದಳು. ಮುಖ ಬೆಳ್ಳಗಾಯ್ತು. ಹಿಡಿದು ಕೂರಿಸಿ ಕಾಲುಚೀಲ ಎಳೆದೆ. ಎಡಗಾಲು ಬಾತಿದೆ. ಬೆರಳು ಇಟ್ಟರೆ ಹಲ್ಲು ಕಚ್ಚಿದಳು, ಆದ್ರೂ ಕೂಗಲಿಲ್ಲ.

'ಯಾಕೆ ಹೇಳಲಿಲ್ಲ?' ಅಂದೆ. 'ಹೇಳಿದ್ರೆ ಸರ್ ಓಡ್ತಾರಮ್ಮ' ಅಂದಳು.

ಒಬ್ಬ ಹುಡುಗಿ ಪಾದ ಉಳುಕಿತು ಅಂದಿದ್ದಕ್ಕೆ ಅವರು ಓಡಿ ಓಡಿ ಕೊನೆಗೆ ಮೈದಾನದ ಅಂಚಲ್ಲಿ ವಾಂತಿ ಮಾಡಿಕೊಂಡ್ರಂತೆ. ಅವತ್ತು ಮಕ್ಕಳೆಲ್ಲಾ ಸೇರಿ ಮಾತಾಡ್ಕೊಂಡಿದಾರೆ, ಇನ್ಮೇಲೆ ಯಾರೂ ನೋವು ಅನ್ನಬಾರದು ಅಂತ. ನೋವಾದೋಳನ್ನ ಮಧ್ಯದಲ್ಲಿ ಓಡಿಸ್ತಾರಂತೆ, ಸರ್‌ಗೆ ಕುಂಟೋದು ಕಾಣದ ಹಾಗೆ. ಅಷ್ಟು ಪ್ರೀತಿ ಅವುಗಳಿಗೆ ಸರ್ ಮೇಲೆ. ನಮಗೆ ಹೆದರಿಕೆ ಇತ್ತು, ಇವಕ್ಕೆ ಪ್ರೀತಿ. ನಾನು ಬೇಲಿ ಹತ್ತಿರ ನಿಂತು ಕಣ್ಣು ಒರೆಸ್ಕೋತಿದ್ದೆ ನೋಡು, ಮೂದೇವಿ.

ಡಾಕ್ಟರು ಎಕ್ಸ್‌ರೇ ತೆಗೆಸಿದ್ರು. ಕೂದಲೆಳೆಯಷ್ಟು ಬಿರುಕು. ಇನ್ನು ಸ್ವಲ್ಪ ದಿನ ಓಡಿದ್ರೆ ಮುರೀತಿತ್ತಂತೆ. ಪಟ್ಟಿ ಹಾಕಿ ಮಲಗಿಸಿದಾರೆ.

ಮೈದಾನಕ್ಕೆ ಹೋದೆ. ಕಡ್ಡಿಯೂ ಬರ್ತೀನಿ ಅಂತ ಹಠ ಮಾಡಿದಳು, ಆಟೋದಲ್ಲಿ ಕೂರಿಸ್ಕೊಂಡು ಹೋದೆ. ಸರ್ ಎದುರು ನಿಂತು ಎಲ್ಲಾ ಹೇಳಿದೆ. ಮನುಷ್ಯ ಗೋಡೆ ಹಿಡ್ಕೊಂಡ್ರು. 'ಇನ್ನೊಂದು ಸಲ ಮಾಡಿದ್ನಾ?' ಅಂದ್ರು, ನನ್ನನ್ನ ಕೇಳಿದ ಹಾಗಲ್ಲ. ಆಮೇಲೆ ಏನು ಮಾಡಿದ್ರು ಗೊತ್ತಾ? ಬಗ್ಗಿ ಶೂ ಬಿಗಿದುಕೊಂಡು ಓಡಕ್ಕೆ ಶುರು ಮಾಡಿದ್ರು! 'ಬೇಡ ಸರ್, ನೀವು ಓಡೋದೇ ತಪ್ಪು, ಕೂತ್ಕೊಳ್ಳಿ, ಬರೀ ಕೂತ್ಕೊಳ್ಳಿ' ಅಂತ ಗಂಟಲು ಹರಿಯೋ ಹಾಗೆ ಕಿರುಚಿದೆ. ಕೇಳಲಿಲ್ಲ. ಮಕ್ಕಳೆಲ್ಲಾ ಅಳ್ತಾ ಅವರ ಹಿಂದೆ ಓಡಿದ್ವು. ಕಡ್ಡಿ ಆಟೋದಿಂದ ಇಳಿದು ಒಂಟಿಕಾಲಲ್ಲಿ ಕುಂಟಿಕೊಂಡು ಹೊರಟಳು, 'ನನ್ನಿಂದಾಗಿ ಓಡ್ತಿದಾರೆ' ಅಂತ. ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಭುಜ ಗುದ್ದಿದಳು.

ಮಾರನೇ ದಿನವೂ ಓಡಿದ್ರಂತೆ, ಕಡ್ಡಿ ಹೆಸರು ಹೇಳಿ.

ಅವರು ನಾಟಕ ಮಾಡ್ತಿಲ್ಲ ಕಣೇ. ಒಂದಿಷ್ಟೂ ಇಲ್ಲ. ಅದಕ್ಕೇ ನನಗೆ ಭಯ ಆಗ್ತಿದೆ. ಸುಳ್ಳು ಅಳು ಆಗಿದ್ರೆ ಕ್ಯಾಮರಾ ಹೋದ ಮೇಲೆ ನಿಲ್ತಿತ್ತು.

ನನ್ನ ಗತಿ ಕೇಳಬೇಡ. ಕಣ್ಣೆದುರಿಗೇ ನಡೆದದ್ದು ಕಾಣಲಿಲ್ವಲ್ಲ ನನಗೆ, ನೀನು ಬರೆದು ಬರೆದು ಹೇಳಿದ್ರೂ. ತಟ್ಟೆ ಮುಂದೆ ಕೂತ್ರೆ ತುತ್ತು ಇಳಿಯಲ್ಲ. ಸರಿಸಿ ಎದ್ದುಬಿಡ್ತೀನಿ. ನಿಮ್ಮ ಭಾವ ಬೈತಾರೆ. ಬೈಲಿ. ನನ್ನಂಥ ತಾಯಿಗೆ ಹೀಗೇ ಆಗಬೇಕು.

ಅಕ್ಕ


ಏಪ್ರಿಲ್ ೫

ಅಕ್ಕ,

ನಮ್ಮಿಬ್ಬರ ಕಾಗದ ದಾರಿಯಲ್ಲಿ ಒಂದಕ್ಕೊಂದು ಅಡ್ಡ ಹಾಯ್ದು ಹೋಗಿವೆ. ನಾನು ಅಡ್ಡಿಯಿಲ್ಲ ಅಂತ ಬರೆದ ಹೊತ್ತಿಗೆ ಅಲ್ಲಿ ಹುಡುಗಿ ಪಟ್ಟಿ ಹಾಕಿಸ್ಕೊಂಡು ಮಲಗಿದ್ದಳು.

ಸಂಘಕ್ಕೆ ಇವತ್ತು ಮತ್ತೆ ಬರೆದೆ. ಈ ಸಲ ದೀಪ ಗೋಡೆ ಮೇಲಿಲ್ಲ. 'ಅವರ ಪಶ್ಚಾತ್ತಾಪ ನಿಜ, ನಾನು ನಂಬುತ್ತೇನೆ. ಅವರಿಗೆ ಮಕ್ಕಳನ್ನು ಕೊಡಬೇಡಿ. ಅವರ ನೋವಿನ ಭಾರವನ್ನು ಮತ್ತೆ ಮಕ್ಕಳೇ ಹೊರುತ್ತಿದ್ದಾರೆ' ಅಂತ ಬರೆದು, ಕಡ್ಡಿ ಕಾಲಿನ ವಿಷಯ ಎಲ್ಲಾ ಬರೆದು, ಸಹಿ ಹಾಕಿದೆ. ನೀನೂ ಬರಿ. ಬೇರೆ ಅಮ್ಮಂದಿರಿಗೂ ಹೇಳು, ಎಲ್ಲಾ ಮಕ್ಕಳ ಕಾಲುಚೀಲ ಬಿಚ್ಚಿಸಿ ನೋಡಲಿ.

ಒಳಗಿರೋ ಸಣ್ಣ ಹಾಳೆ ಕಡ್ಡಿಗೆ. ನೀನು ಓದಬೇಡ. ಓದ್ತೀಯ ಅಂತ ಗೊತ್ತು, ಅದಕ್ಕೇ ಅಂಟಿಸಿದೀನಿ.

ತಂಗಿ


ಏಪ್ರಿಲ್ ೫

ಕಡ್ಡಿ,

ನಾನು ನಿನ್ನ ಚಿಕ್ಕಮ್ಮ. ನನಗೂ ನಿನ್ನ ವಯಸ್ಸಿಗೆ ಸ್ವಲ್ಪ ಮೇಲೆ ಅದೇ ಕಾಲಿಗೆ ಅದೇ ಆಗಿತ್ತು. ನಾನೂ ಮುಚ್ಚಿಟ್ಟೆ. ಯಾರಿಗೋಸ್ಕರ ಅಂತ ನಿನ್ನ ಅಮ್ಮನನ್ನ ಕೇಳು.

ಸರ್ ಓಡ್ತಿರೋದು ನಿನ್ನಿಂದಲ್ಲ. ಅವರು ನಿಲ್ಲಬೇಕಾದಾಗ ಓಡ್ತಾರೆ, ಅದು ಅವರ ಕಾಯಿಲೆ. ನೋವು ಅನ್ನೋದು ತಪ್ಪಲ್ಲ ಪುಟ್ಟಾ. ನನಗೆ ಒಂದು ಕೆಲಸ ಮಾಡು. ನಿನಗೆ ಈಗ ಎಲ್ಲೆಲ್ಲಿ ನೋಯುತ್ತೆ, ಎಲ್ಲಾ ಬರೆದು ಕಳಿಸು. ಇಲ್ಲಿ ಯಾರೂ ಓಡಲ್ಲ. ನನಗಂತೂ ಓಡಕ್ಕೇ ಬರಲ್ಲ.

ಚಿಕ್ಕಮ್ಮ


ಏಪ್ರಿಲ್ ೧೩

ಚಿಕ್ಕಮ್ಮ,

ನಿಮ್ಮ ಕಾಗದ ಅಮ್ಮ ಹಬೆಯಲ್ಲಿ ಹಿಡಿದು ಬಿಚ್ಚಕ್ಕೆ ನೋಡಿದಳು, ಆಗಲಿಲ್ಲ. ಅಪ್ಪ ನಕ್ಕರು.

ನನಗೆ ಮಲಗಿ ಮಲಗಿ ಬೇಜಾರು. ನನಗೆ ನಿಮ್ಮ ಮೇಲೆ ಸ್ವಲ್ಪ ಕೋಪ ಇತ್ತು, ನೀವು ಸಂಘಕ್ಕೆ ಬರೆದಿದ್ದರಿಂದ ಸರ್‌ನ ಮೈದಾನದಿಂದ ಕಳಿಸಿಬಿಡ್ತಾರೆ ಅಂತ. ಈಗ ಅರ್ಧ ಕೋಪ ಇದೆ. ಸರ್ ಮೈದಾನಕ್ಕೆ ಬರ್ತಿಲ್ವಂತೆ. ಸಂಘದವರು ಬಂದಿದ್ರು. ನನ್ನ ಗೆಳತೀರಲ್ಲಿ ಇನ್ನಿಬ್ಬರಿಗೂ ಪಟ್ಟಿ ಹಾಕಿದಾರೆ.

ನೀವು ಕೇಳಿದ್ದಕ್ಕೆ ಉತ್ತರ. ಎಡಗಾಲು ಈಗ ಪರವಾಗಿಲ್ಲ. ರಾತ್ರಿ ಮಾತ್ರ ಸೆಳೆಯುತ್ತೆ. ಬಲಗಾಲೂ ನೋಯುತ್ತೆ, ಎಡಗಾಲಿಗಿಂತ ಮುಂಚಿನಿಂದಲೇ. ಡಾಕ್ಟರಿಗೆ ತೋರಿಸಲಿಲ್ಲ. ಅಮ್ಮನಿಗೆ ಹೇಳಬೇಡಿ. ಒಂದು ಕಾಲಿಗೇ ಅಮ್ಮ ಊಟ ಬಿಟ್ಟಿದಾಳೆ. ಎರಡನೇದು ಹೇಳಿದ್ರೆ ಇನ್ನೇನು ಬಿಡ್ತಾಳೋ ಗೊತ್ತಿಲ್ಲ.

ಕಡ್ಡಿ


ಏಪ್ರಿಲ್ ೧೬

ಅಕ್ಕ,

ಇದನ್ನ ಮನೆಗೆ ಕಳಿಸ್ತಿಲ್ಲ, ನಿಲ್ದಾಣಕ್ಕೆ ಕೊರಿಯರ್ ಮಾಡ್ತಿದೀನಿ. ಫೋನ್ ಮಾಡಿದ್ರೆ ನೀನು ಅಲ್ಲೇ ಗೊಳೋ ಅಂತೀಯ, ಪಕ್ಕದ ಕೋಣೆಯಲ್ಲಿ ಕಡ್ಡಿ ಕೇಳಿಸ್ಕೊಳ್ತಾಳೆ.

ಕಡ್ಡಿಯ ಬಲಗಾಲೂ ನೋಯ್ತಿದೆ. ಎಡಗಾಲಿಗಿಂತ ಮುಂಚಿನಿಂದ. ನಿನಗೆ ಹೇಳಬೇಡ ಅಂತ ಬರೆದಿದಾಳೆ, ನಾನು ಹೇಳ್ತಿದೀನಿ. ಅವಳು ಬೈದ್ರೆ ಬೈಸ್ಕೋತೀನಿ, ಶನಿವಾರದ ಬಸ್ಸಿಗೆ ಬರ್ತಿದೀನಿ. ಈ ಸಲ ಅವಳು ಮುಚ್ಚಿಟ್ಟಿರೋದು ಸರ್‌ಗೋಸ್ಕರ ಅಲ್ಲ ಅಕ್ಕ. ನೀನು ತಟ್ಟೆ ಸರಿಸಿ ಏಳೋದನ್ನ ಅವಳು ಹಾಸಿಗೆಯಿಂದ ನೋಡ್ತಿರ್ತಾಳೆ.

ಓದಿದ ತಕ್ಷಣ ಎದ್ದು ಓಡಬೇಡ. ಮುಖ ತೊಳ್ಕೋ. ಡಾಕ್ಟರ ಹತ್ತಿರ ಇವತ್ತಿನ ಸಂಜೆಗೇ ಸಮಯ ತಗೋ. ಆಮೇಲೆ ಮನೆಗೆ ಹೋಗು, ಅವಳ ಮಂಚದ ಪಕ್ಕ ಕೂತು ಊಟ ಮಾಡು. ಅನ್ನ ಸುಮ್ಮನೆ ಕೆದಕಬೇಡ, ತಿನ್ನು. ಎರಡನೇ ಸಲ ಬಡಿಸ್ಕೋ. ಕೈ ತೊಳೆದು ಬಾ.

ಅಷ್ಟಾದ ಮೇಲೆ, ಬಲಗಾಲು ಹೇಗಿದೆ ಅಂತ ಕೇಳು.

ತಂಗಿ